ದನದ ಹಾಲು ಒಗ್ಗದ ಮಗು

ಗುಂಡ್ಲುಪೇಟೆ ಕಡೆ ಮಗುವಿಗೆ ಆರು ತಿಂಗಳು ತುಂಬಿತೆಂದರೆ ರಾಗಿ ಸರಿ ಶುರು. ಅದಕ್ಕೆ ದನದ ಹಾಲು ಬೆರೆಸುವವರೂ ಉಂಟು. ಕೆಲವು ಮಕ್ಕಳಿಗೆ ಆ ಹಾಲಿನ ಪ್ರೋಟೀನೇ ಒಗ್ಗುವುದಿಲ್ಲ. ವಾಂತಿ, ದದ್ದು, ಮಲದಲ್ಲಿ ರಕ್ತ, ತೂಕವೂ ಏರದು. ಆಗ ದೂರು ಬರುವುದು ತಾಯಿಯ ಮೇಲೆ, "ನಿನ್ನ ಹಾಲಿನಲ್ಲಿ ಸತ್ವವಿಲ್ಲ" ಎಂದು. ಎಂಥ ಅನ್ಯಾಯ!

ಸಹೋದರಿಯರೇ, ಎದೆಹಾಲು ನಿಲ್ಲಿಸಬೇಡಿ. ಪೂರ್ಣ ಎರಡು ವರ್ಷ ಹಾಲುಣಿಸುವ ಪ್ರಸ್ತಾಪ ಕುರ್‌ಆನಿನಲ್ಲೇ ಇದೆ (2:233). ತಾಯಿ ಸೇವಿಸಿದ ಹಾಲು-ಮೊಸರಿನ ಅಂಶ ಎದೆಹಾಲಿಗೆ ಸ್ವಲ್ಪ ಇಳಿಯುವುದುಂಟು. ಅಂಥ ಅನುಮಾನವಿದ್ದರೆ ವೈದ್ಯರು ತಾಯಿಗೇ ಎರಡರಿಂದ ನಾಲ್ಕು ವಾರ ಅವನ್ನು ಬಿಡಿಸಿ, ಮತ್ತೆ ಕೊಟ್ಟು ನೋಡುತ್ತಾರೆ. ಮೇಕೆ ಹಾಲು ಪರಿಹಾರವಲ್ಲ. ಅದರ ಪ್ರೋಟೀನೂ ಹೆಚ್ಚುಕಡಿಮೆ ಅಂಥದೇ. ಸರಿಯನ್ನು ನೀರಿನಲ್ಲೇ ಬೇಯಿಸಿ, ಒಂದು ಚಮಚ ಅಡುಗೆ ಎಣ್ಣೆ ಬೆರೆಸಿ. ತುಪ್ಪದಲ್ಲೂ ಹಾಲಿನ ಅಂಶ ಉಳಿದಿರಬಹುದು. ಹಾಗೆಂದು ಮೊಟ್ಟೆ, ಮೀನು, ಬೇಳೆ ಎಲ್ಲವನ್ನೂ ಹೆದರಿ ಬಿಡಿಸಿದರೆ ಮಗು ಇನ್ನಷ್ಟು ಸೊರಗುತ್ತದೆ.

ಅಂಗನವಾಡಿಯಲ್ಲಿ ತಿಂಗಳು ತಿಂಗಳು ತೂಕ ಹಾಕಿಸಿ, ತಾಯಿ ಕಾರ್ಡಿನಲ್ಲಿ ಬರೆಸಿ. ಪಕ್ಕದ ಮನೆಯ ಮಗುವಿನ ತೂಕ ಬೇಡ, ನಿಮ್ಮ ಮಗುವಿನ ಗೆರೆ ಏರುತ್ತಿದೆಯೇ ನೋಡಿ. ಅದು ಮಲಗಿದರೆ, 2016ರಲ್ಲಿ ಆರಂಭವಾದ ಚಾಮರಾಜನಗರ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲಿ ಮಕ್ಕಳ ವೈದ್ಯರಿಗೆ ಆ ಕಾರ್ಡನ್ನೇ ತೋರಿಸಿ. ತುಟಿ ಊದಿ ಉಸಿರಾಟ ಕಷ್ಟವಾದರೆ ಒಂದು ಗಳಿಗೆಯೂ ಕಾಯದೆ 108ಕ್ಕೆ ಫೋನ್ ಮಾಡಿ.