ನಾಯಿಬೆಕ್ಕುಗಳ ಹೃದ್ರೋಗವೂ ಅದನ್ನರಿಯುವ ಉಚ್ಚ ವ್ಯಾಸಂಗವೂ

ಹೆಬ್ಬಾಳದ ಪಶುವೈದ್ಯಕೀಯ ಕಾಲೇಜನ್ನು ಸೇರಿದ ವಿದ್ಯಾರ್ಥಿಯು ಐದೂವರೆ ವರ್ಷಗಳೊಳಗಾಗಿ ಹಸುವಿನ ನಾಲ್ಕು ಕೋಣೆಗಳ ಜಠರವನ್ನೂ, ಕುದುರೆಯ ಗೊರಸನ್ನೂ, ಕುರಿಯ ಜಂತುಗಳನ್ನೂ, ಕೋಳಿಯ ಜಾಡ್ಯಗಳನ್ನೂ, ಹಾಲು ಮಾಂಸಗಳ ಪರೀಕ್ಷಾವಿಧಾನವನ್ನೂ ಕಲಿತು ಮುಗಿಸಬೇಕಾಗಿರುವುದರಿಂದ, ನಾಯಿಬೆಕ್ಕುಗಳ ಹೃದಯಕ್ಕೆಂದೇ ಅವನಿಗೆ ಒದಗುವ ಕಾಲವು ಅತ್ಯಲ್ಪವೆಂದರೆ ಯಾರನ್ನೂ ದೂರಬೇಕಾದುದಿಲ್ಲ. ಮನುಷ್ಯರ ವೈದ್ಯನು ಒಂದೇ ಜಾತಿಯ ದೇಹವನ್ನು ಓದಿಕೊಂಡಿದ್ದರೂ, ಹೃದ್ರೋಗತಜ್ಞನೆನ್ನಿಸಿಕೊಳ್ಳಬೇಕಾದರೆ ಎಂ.ಬಿ.ಬಿ.ಎಸ್. ಆದಮೇಲೆ ಎಂ.ಡಿ.ಗೆ ಮೂರು, ಡಿ.ಎಂ.ಗೆ ಮೂರು, ಹೀಗೆ ಮತ್ತೆ ಆರು ವರ್ಷಗಳನ್ನು ಸವೆಸುತ್ತಾನೆ. ಹತ್ತಾರು ಜಾತಿಗಳ ಭಾರವನ್ನು ಹೊತ್ತ ಪಶುವೈದ್ಯನಿಗೆ ಅಂತಹ ಪ್ರತ್ಯೇಕ ವ್ಯಾಸಂಗದ ಅಗತ್ಯವು ಇನ್ನೂ ಅಧಿಕವೆಂಬುದನ್ನು ಲೋಕವು ಒಪ್ಪಿಕೊಂಡದ್ದು ತೀರ ಈಚೆಗೆ. ಆ ವ್ಯಾಸಂಗದಲ್ಲಿ ಯಂತ್ರಗಳಿಗೆ ದೊಡ್ಡ ಸ್ಥಾನವುಂಟು, ನಿಜ. ಆದರೆ ಅಲ್ಲಿ ಮುಖ್ಯವಾಗಿ ಸಾಧಿಸತಕ್ಕದ್ದು ಯಾವ ಲಕ್ಷಣಕ್ಕೆ ಎಷ್ಟು ಬೆಲೆ ಕೊಡಬೇಕೆಂಬ ತಾರತಮ್ಯಜ್ಞಾನವೆಂದು ನನಗೆ ತೋರುತ್ತದೆ.

ಪ್ರಾಣಿಗಳ ಹೃದಯವನ್ನು ಕುರಿತ ಜಿಜ್ಞಾಸೆಯೇನೋ ಹಳೆಯದೇ. ರಕ್ತಪರಿಚಲನೆಯ ತತ್ತ್ವವನ್ನು 1628ರಲ್ಲಿ ಪ್ರಕಟಿಸಿದ ವಿಲಿಯಂ ಹಾರ್ವೆಯು ನಾಯಿಯೇ ಮೊದಲಾದ ಪ್ರಾಣಿಗಳ ಹೃದಯವನ್ನು ಕಣ್ಣಾರೆ ಕಂಡು ಆ ನಿರ್ಣಯಕ್ಕೆ ಬಂದವನು. ಲಂಡನ್ನಿನ ಶರೀರಶಾಸ್ತ್ರಜ್ಞ ಆಗಸ್ಟಸ್ ವಾಲರನು ಜಿಮ್ಮಿಯೆಂಬ ತನ್ನ ಬುಲ್‌ಡಾಗನ್ನು ಉಪ್ಪುನೀರಿನ ಗಾಜಿನ ಪಾತ್ರೆಗಳಲ್ಲಿ ಕಾಲಿರಿಸಿ ನಿಲ್ಲಿಸಿ, ಅದರ ಹೃದಯದಿಂದ ಹೊಮ್ಮುವ ವಿದ್ಯುತ್ತನ್ನು 1909ರಲ್ಲಿ ರಾಯಲ್ ಸೊಸೈಟಿಯ ಅತಿಥಿಗಳಿಗೆ ತೋರಿಸಿದಾಗ, ಇದು ಕ್ರೌರ್ಯವಲ್ಲವೇ ಎಂಬ ಪ್ರಶ್ನೆಯು ಪಾರ್ಲಿಮೆಂಟಿನವರೆಗೂ ಹೋಯಿತು; ಸಮುದ್ರತೀರದಲ್ಲಿ ಕಾಲು ತೋಯಿಸಿಕೊಂಡವರಿಗೆ ಆ ನಾಯಿಯ ಅನುಭವವೆಂತಹದೆಂದು ತಿಳಿದೀತು ಎಂಬ ಭಾವದ ಉತ್ತರವನ್ನು ಗೃಹಮಂತ್ರಿ ಗ್ಲ್ಯಾಡ್‌ಸ್ಟನ್ನನು ಕೊಟ್ಟನು. ನಾಯಿಗಳಲ್ಲಿ ಹೃದ್ರೋಗವೆಷ್ಟು, ಅದು ಯಾವ ಯಾವ ಬಗೆಯದು ಎಂಬುದನ್ನು ಕ್ರಮವಾಗಿ ಗಣಿಸುವ ಕಾರ್ಯವನ್ನು ಮಾತ್ರ ಅಮೆರಿಕೆಯ ಪೆನ್ಸಿಲ್ವೇನಿಯಾ ವಿಶ್ವವಿದ್ಯಾನಿಲಯದ ಡೇವಿಡ್ ಡೆಟ್‌ವೈಲರ್, ಡೊನಾಲ್ಡ್ ಪ್ಯಾಟರ್‌ಸನ್ ಮೊದಲಾದವರು ಕೈಗೊಳ್ಳಬೇಕಾಯಿತು. ಫಿಲಡೆಲ್ಫಿಯಾದ ಆಸ್ಪತ್ರೆಗೆ ಬಂದ ಸಾವಿರಾರು ನಾಯಿಗಳನ್ನು ಪರೀಕ್ಷಿಸಿ ಅವರು 1965ರಲ್ಲಿ ಪ್ರಕಟಿಸಿದ ಲೇಖನದಿಂದ, ಸುಮಾರಾಗಿ ಹತ್ತರಲ್ಲೊಂದು ನಾಯಿಗೆ ಹೃದಯದ ವ್ಯಾಧಿ ಇದ್ದೇ ಇದೆಯೆಂಬುದು ಗೊತ್ತಾಯಿತು. 1970ರ ದಶಕದ ಆರಂಭದಲ್ಲಿ ಆ ದೇಶದಲ್ಲಿ ಪಶುವೈದ್ಯರ ಆಂತರಿಕ ವೈದ್ಯದ ಕಾಲೇಜು ಸ್ಥಾಪಿತವಾಗಿ, ಹೃದ್ರೋಗಶಾಸ್ತ್ರವು ಅದರ ಒಂದು ಶಾಖೆಯಾಯಿತು. ಕಾಲೇಜೆಂದರೆ ಇಲ್ಲಿ ಕಟ್ಟಡವಲ್ಲ, ತಜ್ಞರನ್ನು ಪರೀಕ್ಷಿಸಿ ಮಾನ್ಯಮಾಡುವ ವಿದ್ವತ್ಸಂಘ.

ಅಲ್ಲಿ ಹೃದ್ರೋಗತಜ್ಞನಾಗಬಯಸುವ ಪಶುವೈದ್ಯನು ಪದವಿಯಾದಮೇಲೆ ಸಾಮಾನ್ಯವಾಗಿ ಒಂದು ವರ್ಷ ಎಲ್ಲ ವಿಭಾಗಗಳಲ್ಲಿಯೂ ಸುತ್ತಿ ದುಡಿದು, ಅನಂತರ ಮಾನ್ಯತೆ ಪಡೆದ ತಜ್ಞರ ಕಣ್ಣೆದುರಿನಲ್ಲಿ ಮೂರು ವರ್ಷಗಳ ರೆಸಿಡೆನ್ಸಿಯನ್ನು ಮುಗಿಸಿ, ಕಠಿನವಾದ ಪರೀಕ್ಷೆಗಳನ್ನು ದಾಟಬೇಕು. ಯೂರೋಪಿನಲ್ಲಿಯೂ ಇದೇ ಮಾದರಿಯ ಕಾಲೇಜುಂಟು. ಆಸ್ಪತ್ರೆಯನ್ನು ಬಿಟ್ಟು ಬರಲಾರದ ಸಾಮಾನ್ಯ ವೈದ್ಯರಿಗಾಗಿ ಬ್ರಿಟನ್ನಿನಲ್ಲಿ ಹೃದ್ರೋಗದ ಪಾಠಗಳನ್ನೊಳಗೊಂಡ ಸರ್ಟಿಫಿಕೇಟು ವ್ಯಾಸಂಗವೂ ಇದೆ.

ಮೊದಲ ಪಾಠ ಕಿವಿಯದು. ಎಡಪಕ್ಕೆಯ ಮೂರನೆಯ ಎಲುಬುಸಂದಿನಲ್ಲಿ ಪಲ್ಮನರಿ ಕವಾಟವನ್ನೂ, ನಾಲ್ಕನೆಯದರಲ್ಲಿ ಮಹಾಧಮನಿಯ ಕವಾಟವನ್ನೂ, ಐದನೆಯದರಲ್ಲಿ ಮೈಟ್ರಲ್ ಕವಾಟವನ್ನೂ, ಬಲಪಕ್ಕೆಯ ನಾಲ್ಕನೆಯದರಲ್ಲಿ ಟ್ರೈಕಸ್ಪಿಡ್ ಕವಾಟವನ್ನೂ ಆಲಿಸಬೇಕೆಂಬುದು ಪದವಿ ತರಗತಿಯಲ್ಲಿಯೇ ಕಂಠಪಾಠವಾಗಿರುತ್ತದೆ. ಆದರೆ ಮೇಜಿನ ಮೇಲೆ ನಿಂತ ನಾಯಿಯು ನಾಲಗೆ ಚಾಚಿ ಏದುತ್ತಿರುವಾಗ ಅದರ ಬಾಯನ್ನು ಮೃದುವಾಗಿ ಮುಚ್ಚಿಹಿಡಿದು, ಒಂದು ಕೈಯ ಬೆರಳುಗಳನ್ನು ತೊಡೆಯ ಒಳಭಾಗದ ನಾಡಿಯ ಮೇಲಿರಿಸಿ, ಬಡಿತಕ್ಕೊಂದು ನಾಡಿ ಬರುತ್ತಿದೆಯೋ ನಡುನಡುವೆ ತಪ್ಪುತ್ತಿದೆಯೋ ಎಂದು ನೋಡುತ್ತ, ಸ್ಟೆತಾಸ್ಕೋಪನ್ನು ಅಂಗುಲಂಗುಲವಾಗಿ ಸರಿಸುವ ಅಭ್ಯಾಸವು ಗುರುವಿನ ಮಗ್ಗುಲಲ್ಲಿ ನಿಂತಲ್ಲದೆ ಬರತಕ್ಕದ್ದಲ್ಲ. ಬೆಕ್ಕಿನ ತೊಡಕೇ ಬೇರೆ. ಅದು ಸುಖವಾಗಿ ಗುರುಗುಡತೊಡಗಿತೆಂದರೆ ಹೃದಯದ ಧ್ವನಿಯೆಲ್ಲ ಅದರಲ್ಲಿ ಮುಳುಗಿಹೋಗುತ್ತದೆ. ಆಗ ಅನುಭವಿಗಳು ಪಕ್ಕದ ನಲ್ಲಿಯನ್ನು ತಿರುಗಿಸಿ ನೀರು ಬಿಡುತ್ತಾರೆ, ಇಲ್ಲವೆ ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿಯನ್ನು ಮೂಗಿನ ಬಳಿ ಹಿಡಿಯುತ್ತಾರೆ. ಬೆಕ್ಕು ಬೆದರಿ ಸುಮ್ಮನಾದ ಕೆಲವೇ ಕ್ಷಣಗಳಲ್ಲಿ, ನಿಮಿಷಕ್ಕೆ ಇನ್ನೂರರ ಹತ್ತಿರ ಓಡುತ್ತಿರುವ ಆ ಪುಟ್ಟ ಹೃದಯದ ಸಮಾಚಾರವನ್ನು ಕೇಳಿ ತಿಳಿದುಕೊಳ್ಳಬೇಕು. ಉಸಿರೆಳೆದಾಗ ಬಡಿತವು ಚುರುಕಾಗಿ ಬಿಟ್ಟಾಗ ಮಂದವಾಗುವುದು ವಿಶ್ರಾಂತಿಯಲ್ಲಿರುವ ನಾಯಿಗೆ ಸಹಜ. ಹೊಸಬನಿಗೆ ಗಾಬರಿ ಹುಟ್ಟಿಸುವ ಈ ಅಕ್ರಮಗತಿಯೇ ಬಹುಮಟ್ಟಿಗೆ ಆರೋಗ್ಯದ ಚಿಹ್ನೆಯಾಗಿದ್ದು, ಹೃದಯವು ಸೋಲತೊಡಗಿದಾಗ ಅದು ಮಾಯವಾಗಿ ಬಡಿತವು ತ್ವರಿತವೂ ಏಕರೂಪವೂ ಆಗುತ್ತದೆ.

ಮನುಷ್ಯರನ್ನು ಹಠಾತ್ತಾಗಿ ಕೆಡಹುವ, ರಕ್ತನಾಳದಲ್ಲಿ ಕೊಬ್ಬು ಕಟ್ಟಿ ಬರುವ ಹೃದಯಾಘಾತವು ನಾಯಿಗಳಲ್ಲಿ ವಿರಳ. ಅವುಗಳನ್ನು ಕಾಡತಕ್ಕದ್ದು ಮುಖ್ಯವಾಗಿ ಮೈಟ್ರಲ್ ಕವಾಟದ ಸವೆತ. ಡ್ಯಾಷ್‌ಹೌಂಡ್, ಕ್ಯಾವಲಿಯರ್ ಸ್ಪ್ಯಾನಿಯಲ್ ಮುಂತಾದ ಸಣ್ಣ ತಳಿಗಳಲ್ಲಿ, ವಯಸ್ಸಾದಂತೆ ಆ ಕವಾಟದ ಎಸಳುಗಳು ದಪ್ಪವಾಗಿ ಗಂಟುಗಟ್ಟಿ, ಮಳೆಗಾಲದಲ್ಲಿ ಉಬ್ಬಿದ ಬಾಗಿಲು ಚೌಕಟ್ಟಿಗೆ ಕೂಡದಂತೆ ಒಂದಕ್ಕೊಂದು ಕೂಡದೆ, ಮುಂದಕ್ಕೆ ಹೋಗಬೇಕಾದ ರಕ್ತವು ಹಿಂದಕ್ಕೆ ಹೃತ್ಕರ್ಣಕ್ಕೆ ಚಿಮ್ಮುತ್ತದೆ. ಐದನೆಯ ಸಂದಿನಲ್ಲಿ ಕೇಳಿಬರುವ ಮರ್ಮರ ಅದರದೇ. ಡಾಬರ್‌ಮನ್, ಗ್ರೇಟ್ ಡೇನ್ ಮೊದಲಾದ ದೊಡ್ಡ ತಳಿಗಳಿಗಾದರೋ ಹೃದಯದ ಸ್ನಾಯುವೇ ಬಲಗುಂದಿ ಹಿಗ್ಗುವ ರೋಗ ಬರುವುದುಂಟು. ತಾರತಮ್ಯದ ಪ್ರಶ್ನೆ ಬರುವುದು ಇಲ್ಲಿಯೇ: ಮರ್ಮರವಿದ್ದ ನಾಯಿಗಳೆಲ್ಲಕ್ಕೂ ಔಷಧ ಬೇಕಿಲ್ಲ. ಅನೇಕವು ವರ್ಷಗಟ್ಟಲೆ ಸುಖವಾಗಿದ್ದು ಬೇರಾವುದೋ ಕಾರಣದಿಂದ ಕಣ್ಮುಚ್ಚುತ್ತವೆ. ಪಿಮೊಬೆಂಡಾನ್ ಎಂಬ ಔಷಧವನ್ನು 360 ನಾಯಿಗಳಲ್ಲಿ ಪರೀಕ್ಷಿಸಿ 2016ರಲ್ಲಿ ಪ್ರಕಟಿಸಿದ ಎಪಿಕ್ ಎಂಬ ಅಧ್ಯಯನವು, ಕಾಯಿಲೆಯ ಲಕ್ಷಣವೇ ತೋರದಿದ್ದರೂ ಹೃದಯ ಹಿಗ್ಗಿರುವ ನಾಯಿಗಳಿಗೆ ಅದನ್ನು ಕೊಟ್ಟರೆ ಹೃದಯವೈಫಲ್ಯವು ಸುಮಾರು 15 ತಿಂಗಳು ಮುಂದಕ್ಕೆ ಹೋಗುತ್ತದೆಂದು ತೋರಿಸಿಕೊಟ್ಟಿತು. ಹಿಗ್ಗಿದೆಯೆಂದು ಹೇಳುವುದು ಹೇಗೆ? ಹೃದಯವನ್ನು ಶಬ್ದತರಂಗಗಳಿಂದ ಚಿತ್ರಿಸುವ ಎಕೋ ಯಂತ್ರದ ಪರದೆಯ ಮೇಲೆ ಎಡ ಹೃತ್ಕರ್ಣದ ಅಗಲವನ್ನು ಮಹಾಧಮನಿಯ ಅಗಲದಿಂದ ಭಾಗಿಸಿದರೆ ಬರುವ ಸಂಖ್ಯೆ 1.6 ಅಥವಾ ಅದಕ್ಕೂ ಹೆಚ್ಚಾಗಿರಬೇಕೆಂಬುದು ಅಳತೆಗಳಲ್ಲೊಂದು. ಅಳೆಯುವ ಗೆರೆಯು ಪರದೆಯಲ್ಲಿ ಕೂದಲೆಳೆಯಷ್ಟು ಓರೆಯಾದರೂ 1.5 ಇದ್ದದ್ದು 1.6 ಆಗಿ, ಬೇಡದ ಮಾತ್ರೆಯು ದಿನಕ್ಕೆರಡು ಬಾರಿ ಜೀವಾವಧಿಯಾಗಿ ಗಂಟುಬೀಳುತ್ತದೆ. ರೆಸಿಡೆನ್ಸಿಯ ಮೂರು ವರ್ಷಗಳಲ್ಲಿ ಬಹುಭಾಗವು ಈ ಗೆರೆಯನ್ನು ನೆಟ್ಟಗೆ ಎಳೆಯುವುದರಲ್ಲಿ ಕಳೆಯುತ್ತದೆಂದರೆ ಅತಿಶಯೋಕ್ತಿಯಾಗಲಾರದು. ಕೆಮ್ಮಿನ ವಿಷಯವೂ ಹೀಗೆಯೇ: ಶ್ವಾಸನಾಳ ಕುಸಿದು ಕೆಮ್ಮುವ ಮುದಿನಾಯಿಗೆ ಮರ್ಮರವೂ ಇದ್ದುಬಿಟ್ಟರೆ, ಹೃದಯವೇ ಕಾರಣವೆಂದು ಭ್ರಮಿಸಿ ನೀರಿಳಿಸುವ ಮದ್ದು ಕೊಟ್ಟು ಮೂತ್ರಪಿಂಡವನ್ನು ಬಳಲಿಸುವುದು ಬಹು ಸುಲಭ.

ನಾಯಿಯ ಹೃದಯವು ರೋಗ ಬಲಿಯುವುದಕ್ಕೆ ಮುಂಚೆಯೇ ಸದ್ದು ಮಾಡಿದರೆ, ಬೆಕ್ಕಿನದು ರೋಗ ಬಲಿತರೂ ಅನೇಕ ವೇಳೆ ಮೌನವಾಗಿರುತ್ತದೆ. ಹೃತ್ಕುಕ್ಷಿಯ ಗೋಡೆ ಒಳಮುಖವಾಗಿ ದಪ್ಪವಾಗುವ ವ್ಯಾಧಿಯು, ಆರೋಗ್ಯವಾಗಿ ಕಾಣುವ 100 ಬೆಕ್ಕುಗಳಲ್ಲಿ ಸುಮಾರು 15ಕ್ಕೆ ಇರುವುದಾಗಿ ಪರೀಕ್ಷೆಗಳಿಂದ ತಿಳಿದಿದೆ. ಮೈನ್ ಕೂನ್ ತಳಿಯಲ್ಲಿ ಇದಕ್ಕೆ ಕಾರಣವಾದ ಒಂದು ಜೀನ್‌ದೋಷವನ್ನು 2005ರಲ್ಲಿ ಕಂಡುಹಿಡಿದರು. ಮರ್ಮರವುಳ್ಳ ಎಷ್ಟೋ ಬೆಕ್ಕುಗಳ ಹೃದಯ ನಿರ್ದುಷ್ಟವಾಗಿರುತ್ತದೆ, ಮರ್ಮರವಿಲ್ಲದ ಎಷ್ಟೋ ಬೆಕ್ಕುಗಳದು ಕೆಟ್ಟಿರುತ್ತದೆ. ನಿನ್ನೆಯವರೆಗೆ ಗೋಡೆಯೇರಿ ನೆಗೆಯುತ್ತಿದ್ದ ಬೆಕ್ಕು ಬೆಳಗಾಗುವಷ್ಟರಲ್ಲಿ ಹಿಂಗಾಲುಗಳನ್ನೆಳೆಯುತ್ತ ಅರಚುತ್ತಿದ್ದರೆ, ಯಾವುದೋ ಗಾಡಿ ಹಾಯ್ದಿರಬೇಕೆಂದು ಮನೆಯವರು ಭಾವಿಸುತ್ತಾರೆ. ತಜ್ಞನಾದವನು ಅದರ ಪಾದಗಳನ್ನು ಮುಟ್ಟಿನೋಡಿ, ಅವು ತಣ್ಣಗಾಗಿ ಮೆತ್ತೆಗಳು ನೀಲಿಗಟ್ಟಿ ತೊಡೆಯಲ್ಲಿ ನಾಡಿಯಿಲ್ಲದ್ದನ್ನು ಕಂಡು, ಹೃದಯದಲ್ಲಿ ಹೆಪ್ಪುಗಟ್ಟಿದ ರಕ್ತವು ಹರಿದುಬಂದು ಮಹಾಧಮನಿಯ ಕವಲಿನಲ್ಲಿ ಸಿಕ್ಕಿದೆಯೆಂದು ಅರಿಯುತ್ತಾನೆ.

ಬೆಕ್ಕಿನ ಹೃದಯವನ್ನು ಕುರಿತು ನಡೆದ ಶೋಧನೆಗಳಲ್ಲಿ ನನಗೆ ಅತ್ಯಂತ ಪ್ರಿಯವಾದದ್ದು 1987ರದು. ಬೆಕ್ಕುಗಳ ಹೃದಯ ಹಿಗ್ಗಿ ಸಾಯುವ ರೋಗಕ್ಕೆ ಆಗ ಉಪಾಯವಿರಲಿಲ್ಲ. ಕ್ಯಾಲಿಫೋರ್ನಿಯಾದ ಡೇವಿಸ್‌ನಲ್ಲಿ ಪಾಲ್ ಪಿಯಾನ್ ಮತ್ತು ಸಂಗಡಿಗರು ಅಂತಹ ಬೆಕ್ಕುಗಳ ರಕ್ತದಲ್ಲಿ ಟಾರಿನ್ ಎಂಬ ದ್ರವ್ಯವು ಕಡಿಮೆಯಾಗಿದ್ದುದನ್ನು ಕಂಡರು; ಅದನ್ನು ಉಣಿಸಿದಾಗ ಹಿಗ್ಗಿದ ಹೃದಯಗಳು ಮರಳಿ ಚೇತರಿಸಿಕೊಂಡವು. ಬೆಕ್ಕು ಟಾರಿನನ್ನು ಸಾಕಷ್ಟು ತಾನೇ ತಯಾರಿಸಿಕೊಳ್ಳಲಾರದು. ಅದು ಮಾಂಸ ಮೀನುಗಳಿಂದಲೇ ಬರಬೇಕು. ಡಬ್ಬಿಯ ಆಹಾರದಲ್ಲಿ ಅದರ ಪ್ರಮಾಣವನ್ನು ಹೆಚ್ಚಿಸಿದ ಮೇಲೆ ಆ ರೋಗವೇ ಅಪರೂಪವಾಯಿತು. ನಮ್ಮ ಶಾಕಾಹಾರಿ ಮನೆಗಳಲ್ಲಿ ಬರಿಯ ಹಾಲನ್ನದ ಮೇಲೆ ಬೆಕ್ಕನ್ನು ಸಾಕುವವರು ಈ ಸಂಗತಿಯನ್ನು ಗಮನಿಸಬೇಕು. ಹಳೆಯ ಕಾಲದ ಹಾಲನ್ನದ ಬೆಕ್ಕು ಅಟ್ಟದ ಮೇಲೆ ಇಲಿಯನ್ನೂ ಹಿಡಿದು ತಿನ್ನುತ್ತಿತ್ತು. ಮಹಡಿಮನೆಯ ಬಾಗಿಲೊಳಗೆ ಕೂತ ಇಂದಿನ ಬೆಕ್ಕಿಗೆ ಆ ಅನುಕೂಲವಿಲ್ಲ.

ಶಸ್ತ್ರಕ್ರಿಯೆಯ ಕಡೆಯೂ ಈ ಶಾಸ್ತ್ರ ಮುಂದುವರಿದಿದೆ. ಹುಟ್ಟಿದ ಮೇಲೆ ಮುಚ್ಚಿಕೊಳ್ಳಬೇಕಾದ ನಾಳ ತೆರೆದೇ ಉಳಿದ ಮರಿಗಳಿಗೆ, ತೊಡೆಯ ಧಮನಿಯ ಮೂಲಕ ಸಣ್ಣದೊಂದು ಲೋಹಜಾಲರಿಯನ್ನು ತೂರಿಸಿ ಅದನ್ನು ಮುಚ್ಚುತ್ತಾರೆ. ಜಪಾನಿನ ಮಸಾಮಿ ಉಯೆಚಿಯವರು ನಾಯಿಯ ಹೃದಯವನ್ನು ನಿಲ್ಲಿಸಿ, ಯಂತ್ರದಿಂದ ರಕ್ತ ಹರಿಸುತ್ತ, ಮೈಟ್ರಲ್ ಕವಾಟವನ್ನೇ ಹೊಲಿದು ಸರಿಪಡಿಸುತ್ತಾರೆ.

ಹಳ್ಳಿಯ ಹಸುವಿಗೇ ಸಕಾಲದಲ್ಲಿ ವೈದ್ಯನು ದೊರೆಯದ ನಾಡಿನಲ್ಲಿ ಇದೆಲ್ಲ ವಿಲಾಸವಲ್ಲವೇ ಎಂದು ಕೇಳುವವರುಂಟು. ಆ ಆಕ್ಷೇಪಣೆಯಲ್ಲಿ ಹುರುಳಿಲ್ಲದೆ ಇಲ್ಲ. ಆದರೆ ಬೆಂಗಳೂರಿನಂತಹ ಪಟ್ಟಣದಲ್ಲಿ ನಾಯಿಬೆಕ್ಕುಗಳು ಮನೆಮಕ್ಕಳಂತೆ ಬೆಳೆಯುತ್ತಿದ್ದು, ಎಕೋ ಯಂತ್ರಗಳೂ ಖಾಸಗಿ ಚಿಕಿತ್ಸಾಲಯಗಳಿಗೆ ಬಂದಿರುವಾಗ, ಯಂತ್ರ ಕೊಂಡ ವೈದ್ಯನು ಅದನ್ನು ಓದಬಲ್ಲವನಾಗಿರಲಿ ಎಂದು ಅಪೇಕ್ಷಿಸುವುದು ವಿಲಾಸವಾಗಲಾರದು. ಸದ್ಯಕ್ಕೆ ಇಲ್ಲಿ ಈ ವಿದ್ಯೆಗೆ ಮುಖ್ಯದ್ವಾರವೆಂದರೆ ಎರಡು ವರ್ಷದ ಎಂ.ವಿ.ಎಸ್ಸಿ. ವ್ಯಾಸಂಗ, ಅದರಾಚೆಗಿನದನ್ನು ಆಸಕ್ತರು ಕಮ್ಮಟಗಳಿಂದಲೂ ಹೊರನಾಡುಗಳಿಂದಲೂ ಸಂಪಾದಿಸಿಕೊಳ್ಳಬೇಕಾಗಿದೆ.

ಇಷ್ಟೆಲ್ಲ ಕಲಿತು ಬಂದ ತಜ್ಞನು ರೋಗಿಯ ಯಜಮಾನನಿಗೆ ಕಲಿಸುವ ವಿಷಯವಾದರೋ ಒಂದು ಗಡಿಯಾರವಿದ್ದರೆ ಸಾಕಾಗುವಂತಹದು. ನಾಯಿಯಾಗಲಿ ಬೆಕ್ಕಾಗಲಿ ಗಾಢವಾಗಿ ನಿದ್ರಿಸುತ್ತಿರುವಾಗ ಅದರ ಪಕ್ಕೆಯನ್ನು ನೋಡುತ್ತ, ಒಂದು ಏರಿಳಿತಕ್ಕೆ ಒಂದರಂತೆ ಪೂರ್ತಿ ಒಂದು ನಿಮಿಷ ಉಸಿರನ್ನೆಣಿಸಿ ದಿನವೂ ಬರೆದಿಡಬೇಕು. ಸಂಖ್ಯೆಯು 30ನ್ನು ಮೀರಿ ಅಲ್ಲಿಯೇ ನಿಂತರೆ ಶ್ವಾಸಕೋಶದಲ್ಲಿ ನೀರು ತುಂಬುತ್ತಿರಬಹುದಾದ್ದರಿಂದ, ಮರುದಿನದವರೆಗೆ ಕಾಯದೆ ವೈದ್ಯನಿಗೆ ಫೋನು ಮಾಡಬೇಕು.