ಮುಟ್ಟಿದರೆ ಗುಳ್ಳೆ ಏಳುವ ಚರ್ಮ

ಹುಟ್ಟಿದ ಕೆಲವೇ ದಿನಗಳಲ್ಲಿ ಮಗುವಿನ ಮೈಮೇಲೆ ಸುಟ್ಟಂತೆ ಗುಳ್ಳೆಗಳು ಏಳುತ್ತವೆ. ಬಟ್ಟೆಯ ಹೊಲಿಗೆ ತಾಗಿದರೂ ಚರ್ಮ ಸುಲಿಯುತ್ತದೆ. ಹೇರೂರಿನಂಥ ಘಟ್ಟದ ಮೇಲಿನ ಊರುಗಳಲ್ಲಿ ಇಂಥದ್ದು ಕಂಡರೆ ಜನರ ಮನಸ್ಸಿಗೆ ಮೊದಲು ಬರುವುದು ನಾಗದೋಷ, ಇಲ್ಲವೇ ಕುಷ್ಠದ ಭಯ. ಇದು ಎರಡೂ ಅಲ್ಲ, ಅಂಟುರೋಗವೂ ಅಲ್ಲ. ವೈದ್ಯರು ಇದನ್ನು ಎಪಿಡರ್ಮೊಲೈಸಿಸ್ ಬುಲ್ಲೋಸಾ, ಚಿಕ್ಕದಾಗಿ ಇ.ಬಿ. ಎನ್ನುತ್ತಾರೆ.

ಚರ್ಮದ ಪದರಗಳನ್ನು ಹಿಡಿದಿಡಲು ಕೆರಾಟಿನ್, 7ನೇ ಬಗೆಯ ಕೊಲ್ಯಾಜೆನ್ ಮೊದಲಾದ ಪ್ರೋಟೀನುಗಳು ಬೇಕು. ಇವುಗಳಲ್ಲೊಂದರ ಜೀನಿನಲ್ಲಿ ದೋಷವಿದ್ದರೆ ಪದರಗಳು ಬಿಟ್ಟುಕೊಳ್ಳುತ್ತವೆ. ಸೌಮ್ಯ ಬಗೆಯಲ್ಲಿ ಅಂಗೈ, ಅಂಗಾಲಿಗೆ ಮಾತ್ರ ಗುಳ್ಳೆ, ಸೆಕೆಗಾಲದಲ್ಲಿ ಹೆಚ್ಚು. ತೀವ್ರ ಬಗೆಯಲ್ಲಿ ಬೆರಳುಗಳು ಕೂಡಿಕೊಳ್ಳುತ್ತವೆ, ಅನ್ನನಾಳ ಕಿರಿದಾಗುತ್ತದೆ, ಯೌವನದಲ್ಲೇ ಚರ್ಮದ ಕ್ಯಾನ್ಸರ್ ಬರಬಹುದು.

ತೀವ್ರ ಬಗೆಗಳಲ್ಲಿ ಹೆಚ್ಚಿನವು ತಂದೆ ತಾಯಿ ಇಬ್ಬರಿಂದಲೂ ದೋಷಪೂರಿತ ಜೀನ್ ಬಂದಾಗ ಕಾಣಿಸುತ್ತವೆ. ಹತ್ತಿರದ ನೆಂಟಸ್ತಿಕೆಯ ಮದುವೆಗಳಲ್ಲಿ ಈ ಸಾಧ್ಯತೆ ಹೆಚ್ಚು. ಧರ್ಮಸಭೆಯ ಕಾನೂನಿನ 1091ನೇ ವಿಧಿ ಒಡಹುಟ್ಟಿದವರ ಮಕ್ಕಳ ನಡುವಿನ ಮದುವೆಯನ್ನು ತಡೆಯುತ್ತದೆ. ವಿನಾಯಿತಿ ಕೇಳಲು ಬರುವ ಮನೆಯವರಿಗೆ ಗುರುಗಳು ಈ ಮಾತನ್ನೂ ತಿಳಿಸಬೇಕೆಂದು ನಮ್ಮ ಅನಿಸಿಕೆ. ಮೊದಲ ಮಗುವಿಗೆ ಇ.ಬಿ. ಇದ್ದರೆ, ಮುಂದಿನ ಗರ್ಭಕ್ಕೆ ಮೊದಲು ಬೆಂಗಳೂರಿನ ಮಾನವ ತಳಿಶಾಸ್ತ್ರ ಕೇಂದ್ರದಂಥ ಕಡೆ ಸಲಹೆ ಪಡೆಯಬಹುದು.

ಪೂರ್ತಿ ಗುಣಪಡಿಸುವ ಔಷಧ ಇನ್ನೂ ಇಲ್ಲ. 2017ರಲ್ಲಿ ಇಟಲಿಯ ಮೊದೆನಾದ ವಿಜ್ಞಾನಿಗಳು ಜೀನ್ ಸರಿಪಡಿಸಿ ಬೆಳೆಸಿದ ಚರ್ಮವನ್ನು ಜರ್ಮನಿಯಲ್ಲಿ ಒಬ್ಬ ಬಾಲಕನ ಮೈಯ ಸುಮಾರು ಶೇ. 80 ಭಾಗಕ್ಕೆ ಹೊದಿಸಿದ ಸುದ್ದಿ ಬಂತು. 2023ರಲ್ಲಿ ಅಮೆರಿಕವು ಗಾಯಕ್ಕೆ ಹಚ್ಚುವ ಜೀನ್ ಲೇಪವೊಂದಕ್ಕೆ ಒಪ್ಪಿಗೆ ಕೊಟ್ಟಿತು. ಅದರ ಬೆಲೆ ನಮ್ಮ ರೈತರ ಮನೆಗೆ ಎಟುಕುವಂಥದ್ದಲ್ಲ.

ಹಾಗಾಗಿ ಉಳಿಯುವುದು ದಿನನಿತ್ಯದ ಆರೈಕೆ. ಅದೇನೂ ಸಣ್ಣದಲ್ಲ. ಗುಳ್ಳೆ ದೊಡ್ಡದಾಗುವ ಮೊದಲೇ ಶುದ್ಧ ಸೂಜಿಯಿಂದ ಚುಚ್ಚಿ ನೀರು ತೆಗೆಯಬೇಕು, ಮೇಲಿನ ಚರ್ಮ ಕೀಳಬಾರದು. ವ್ಯಾಸಲಿನ್ ಹಚ್ಚಿದ ಜಾಲರಿ ಬಟ್ಟೆ ಇಟ್ಟು ಸಡಿಲವಾಗಿ ಕಟ್ಟಬೇಕು. ಅಂಟುವ ಪ್ಲಾಸ್ಟರ್ ಬೇಡವೇ ಬೇಡ; ತೆಗೆಯುವಾಗ ಚರ್ಮವೂ ಬರುತ್ತದೆ. ಅಂಗಿಯನ್ನು ಹೊಲಿಗೆ ಹೊರಗೆ ಬರುವಂತೆ ತಿರುವಿ ತೊಡಿಸಿ. ಕಂಕುಳಿಗೆ ಕೈ ಹಾಕಿ ಎತ್ತದೆ, ಕುತ್ತಿಗೆ ಮತ್ತು ಸೊಂಟದ ಕೆಳಗೆ ಕೈಯಿಟ್ಟು ಎತ್ತಿ. ಬಾಯಲ್ಲಿ ಹುಣ್ಣಿರುವಾಗ ಆರಿದ ರಾಗಿ ಅಂಬಲಿ, ಮೆತ್ತಗಿನ ಗಂಜಿ ಹಿತ. ಗಾಯ ಕೀವಾದರೆ, ಜ್ವರ ಬಂದರೆ ಅಥವಾ ತಿಂಗಳುಗಟ್ಟಲೆ ಮಾಯದಿದ್ದರೆ ಹುಬ್ಬಳ್ಳಿಗೋ, ಘಟ್ಟ ಇಳಿದು ಮಣಿಪಾಲ, ಮಂಗಳೂರಿಗೋ ಹೋಗಿ ಚರ್ಮತಜ್ಞರಿಗೆ ತೋರಿಸಲೇಬೇಕು.

ದೀಕ್ಷಾಸ್ನಾನದ ದಿನ ಗುರುಗಳಿಗೆ ಮೊದಲೇ ತಿಳಿಸಿ. ನೀರು ಹೊಯ್ದ ಮೇಲೆ ತಲೆ ಉಜ್ಜದೆ ಮೆಲ್ಲಗೆ ಬಟ್ಟೆ ಒತ್ತಿದರೆ ಸಾಕು. ಪವಿತ್ರ ತೈಲವನ್ನೂ ಗಾಯವಿಲ್ಲದ ಕಡೆ ಹಗುರವಾಗಿ ತಾಗಿಸಬಹುದು. ಮಗು ಧರ್ಮೋಪದೇಶದ ತರಗತಿಗೆ ಬರುವಾಗ ಬೆಂಚಿನ ಮೇಲೆ ಮೆತ್ತನೆಯ ದಿಂಬು ಹಾಕಿಕೊಡಿ, ಪಕ್ಕದಲ್ಲಿ ಇನ್ನೊಂದು ಮಗುವನ್ನು ಕೂರಿಸಿ.