ಜೇನಿನ ಬೆನ್ನು ಹತ್ತಿ ಹೋಗುವವರಿಗೆ ಬಿಡಾರದ ವ್ಯಾನು: ಚಾಸಿ ಆರಿಸುವ ಬಗೆ

ರಬ್ಬರು ಚಿಗುರುವ ಕಾಲಕ್ಕೆ ಸುಳ್ಯ, ಪುತ್ತೂರು. ಸೂರ್ಯಕಾಂತಿ ಅರಳಿದಾಗ ಬಯಲುಸೀಮೆ. ಮೆಲ್ಲಿಫೆರಾ ಪೆಟ್ಟಿಗೆಗಳನ್ನು ಲಾರಿಗೇರಿಸಿ ಹೀಗೆ ಊರಿಂದೂರಿಗೆ ಹೋಗುವವರಿಗೆ ಹೊಲದ ಬದುವಿನ ಡೇರೆಯೇ ಮನೆ. ಮಳೆ, ಹಾವು, ಕಳ್ಳರ ಕಾಟಕ್ಕೆ ಬೇಸತ್ತು, ಹಳೆಯ ವ್ಯಾನೊಂದನ್ನು ಕೊಂಡು ಅದರಲ್ಲೇ ಮಲಗುವ, ಅಡಿಗೆ ಮಾಡುವ ಏರ್ಪಾಟು ಮಾಡೋಣವೆಂದು ನಿಮಗೂ ಅನಿಸಿರಬಹುದು. ಒಳ್ಳೆಯ ವಿಚಾರವೇ. ಆದರೆ ಎರಡು ಮೂರು ವರ್ಷದ ಜೇನಿನ ಹಣ ಒಮ್ಮೆಗೇ ಕೈಬಿಡುವ ವ್ಯವಹಾರವಿದು. ಬಣ್ಣ, ಸೀಟು ನೋಡಿ ಮುಂಗಡ ಕೊಡಬೇಡಿ. ಕೆಳಗೆ ಬಗ್ಗಿ ಚಾಸಿ ನೋಡಿ.

1986ರಲ್ಲಿ ಬಂದ ಟಾಟಾ 407ರಂಥ ಗಾಡಿಗಳಲ್ಲಿ ಏಣಿಯಂತಹ ಚಾಸಿ ಬೇರೆ, ಮೇಲಿನ ಮೈ ಬೇರೆ. ಹಳೆಯ ಮೈ ತೆಗೆದು ಹೊಸ ಕೋಣೆ ಕೂರಿಸಬಹುದು. ಮೈಯೇ ಚಾಸಿಯ ಕೆಲಸ ಮಾಡುವ ವ್ಯಾನುಗಳಲ್ಲಿ ಗೋಡೆ, ಚಾವಣಿ ಕೊಯ್ದರೆ ಬಲವೇ ಹೋಗುತ್ತದೆ. ಏಣಿ ಚಾಸಿಯಲ್ಲೂ ತೊಲೆಯ ಮೇಲಂಚು, ಕೆಳಅಂಚುಗಳಿಗೆ ತೂತು ಕೊರೆಯಕೂಡದು; ಯು-ಬೋಲ್ಟಿನಿಂದ ಬಿಗಿಯುವುದೇ ಲೇಸು. ತುಕ್ಕು, ಹಳೆಯ ವೆಲ್ಡಿಂಗ್ ಕಂಡರೆ ಆ ಗಾಡಿ ಬೇಡ.

ಹೆಚ್ಚಿನವರು ಎಡವುವುದು ತೂಕದಲ್ಲಿ. 200 ಲೀಟರ್ ನೀರೆಂದರೆ 200 ಕಿಲೊ. ಮುಂದಿನ ಹಿಂದಿನ ಅಚ್ಚುಗಳ ನಡುವೆ 3 ಮೀಟರ್ ಇರುವ ಗಾಡಿಯಲ್ಲಿ, ಆ ಟ್ಯಾಂಕನ್ನು ಹಿಂದಿನ ಅಚ್ಚಿನಿಂದ 1 ಮೀಟರ್ ಆಚೆ ಇಟ್ಟಿರೆಂದುಕೊಳ್ಳಿ. ಹಿಂದಿನ ಅಚ್ಚಿಗೆ ಬೀಳುವ ಭಾರ 200 ಅಲ್ಲ, ಸುಮಾರು 267 ಕಿಲೊ! ಮುಂದಿನ ಚಕ್ರದ ಮೇಲಿನ ಭಾರ 67 ಕಿಲೊ ಇಳಿದು ಸ್ಟೇರಿಂಗ್ ಹಗುರಾಗುತ್ತದೆ. ಮಳೆಯಲ್ಲಿ ಶಿರಾಡಿ ಘಾಟಿ ಇಳಿಯುವಾಗ ಅದು ಆಟವಲ್ಲ. ಟ್ಯಾಂಕು, ಬ್ಯಾಟರಿ, ಅಕ್ಕಿ ಮೂಟೆ ಎಲ್ಲವೂ ಎರಡು ಅಚ್ಚುಗಳ ನಡುವೆ, ತಳದಲ್ಲೇ ಇರಲಿ.

ಇನ್ನು ಡೀಸೆಲ್ ಖರ್ಚು. ಘಾಟಿ ರಸ್ತೆಯಲ್ಲಿ, ಹಳ್ಳಿ ಹಾದಿಯಲ್ಲಿ ಎಣ್ಣೆ ಕುಡಿಯುವುದು ತೂಕ, ಹೆದ್ದಾರಿಯಲ್ಲಿ ಗಾಳಿ. ಗಂಟೆಗೆ 60 ಕಿ.ಮೀ. ಬದಲು 80ರಲ್ಲಿ ಓಡಿಸಿದರೆ ಗಾಳಿಯ ತಡೆ ಮುಕ್ಕಾಲು ಪಾಲಿಗೂ ಮೀರಿ ಏರುತ್ತದೆ. ನೆಟ್ಟಗೆ ನಿಲ್ಲಲು ಅನುಕೂಲವೆಂದು ಕೋಣೆಯ ಎತ್ತರವನ್ನು 2.4 ಮೀಟರಿನಿಂದ 2.7ಕ್ಕೆ ಏರಿಸಿದರೆ ಗಾಳಿಗೆ ಒಡ್ಡುವ ಮುಖ ಎಂಟನೆಯ ಒಂದು ಪಾಲು ಹಿಗ್ಗುತ್ತದೆ. ಮಲಗಲು, ಕೂರಲು ತಾನೇ ವ್ಯಾನು? ನಿಲ್ಲಲು ಹೊಲವಿದೆ. ಕಬ್ಬಿಣದ ಚೌಕಟ್ಟಿಗೆ ಅಲ್ಯೂಮಿನಿಯಂ ತಗಡು ಹೊದಿಸಿದರೆ ಭಾರ ತಗ್ಗುತ್ತದೆ, ಖರ್ಚೇನೋ ಹೆಚ್ಚು.

ಆದರೆ ಲೀಟರಿಗೆ ಎರಡು ಕಿಲೊಮೀಟರ್ ಹೆಚ್ಚು ಕೊಡುತ್ತದೆಂದು ದುಬಾರಿ ಗಾಡಿಗೆ ಸಾಲ ಮಾಡುವ ಮುನ್ನ ಲೆಕ್ಕ ಹಾಕಿ. ನೀವು ವರ್ಷಕ್ಕೆ 2,000 ಕಿ.ಮೀ. ಓಡಿಸುವವರಾದರೆ, 8 ಕಿ.ಮೀ. ಕೊಡುವ ಗಾಡಿಗೆ 250 ಲೀಟರ್, 10 ಕೊಡುವುದಕ್ಕೆ 200. ಉಳಿಯುವುದು 50 ಲೀಟರ್ ಮಾತ್ರ. ಅಷ್ಟಕ್ಕಾಗಿ ಬಡ್ಡಿ ಕಟ್ಟುವುದಕ್ಕಿಂತ ಗಟ್ಟಿ ಚಾಸಿಯ, ಬಿಡಿಭಾಗ ತಾಲೂಕು ಪೇಟೆಯಲ್ಲೇ ಸಿಗುವ ಗಾಡಿ ನನ್ನ ದೃಷ್ಟಿಯಲ್ಲಿ ಮೇಲು. ತಿಂಗಳಿಗೆ ಸಾವಿರಾರು ಕಿ.ಮೀ. ಸುತ್ತುವವರ ಲೆಕ್ಕ ಬೇರೆ.

ಅಮೆರಿಕದ ಜಿ.ಎಂ.ಸಿ. ಕಂಪನಿ 1973ರಲ್ಲಿ ಮುಂಚಕ್ರ ಎಳೆಯುವ, ನೆಲಮಟ್ಟಕ್ಕಿಳಿದ ಸೊಗಸಾದ ಮನೆಬಂಡಿ ತಂದಿತು. ಎಂಜಿನ್ ಮಾತ್ರ ಏಳೂವರೆ ಲೀಟರಿನ ಪೆಟ್ರೋಲಿನದು. ಅದೇ ವರ್ಷ ತೈಲದ ಬಿಕ್ಕಟ್ಟು ಬಂತು. 1978ರಲ್ಲಿ ತಯಾರಿಕೆಯೇ ನಿಂತಿತು.

ಕಾಗದಪತ್ರದ ಮಾತು. ಆರ್.ಸಿ.ಯಲ್ಲಿರುವುದಕ್ಕೆ ಹೊಂದದಂತೆ ಗಾಡಿ ಬದಲಿಸುವುದಕ್ಕೆ 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮು ಅಡ್ಡ ಬರುತ್ತದೆ. ಹಾಸಿಗೆ, ಮೇಜು, ಅಡಿಗೆ ಸೌಕರ್ಯವಿರುವ ವಾಹನಗಳಿಗೆಂದೇ ಎ.ಐ.ಎಸ್.-124 ಎಂಬ ಮಾನದಂಡವಿದೆ. ಗ್ಯಾರೇಜಿಗೆ ಮುಂಗಡ ಕೊಡುವುದಕ್ಕೆ ಮೊದಲೇ ಆರ್.ಟಿ.ಓ. ಕಚೇರಿಗೂ ವಿಮೆಯವರಿಗೂ ನಕ್ಷೆ ತೋರಿಸಿ. ಒಪ್ಪಿಗೆಯಿಲ್ಲದೆ ಕಟ್ಟಿಸಿದ ಗಾಡಿಗೆ ಅಪಘಾತವಾದರೆ ವಿಮೆ ಹಣ ಕೈಸೇರುವುದು ಕಷ್ಟ.

ಕೆಲಸ ಮುಗಿದ ಮೇಲೆ ನೀರು, ಡೀಸೆಲ್ ತುಂಬಿಸಿ, ಜೊತೆಗಾರರನ್ನೂ ಕೂರಿಸಿಕೊಂಡು ವೇ ಬ್ರಿಜ್ಜಿಗೆ ಹೋಗಿ. ಮೊದಲು ಮುಂದಿನ ಚಕ್ರಗಳನ್ನಷ್ಟೇ, ಆಮೇಲೆ ಇಡೀ ಗಾಡಿಯನ್ನು ತೂಗಿಸಿ. ಆರ್.ಸಿ.ಯಲ್ಲಿ ಬರೆದ ಒಟ್ಟು ತೂಕಕ್ಕಿಂತ ಹೆಚ್ಚು ಬಂದರೆ, ಮೊದಲು ಇಳಿಸಬೇಕಾದುದು ನೀರಿನ ಟ್ಯಾಂಕು.